ಮಾಹೆಯಿಂದ ನಾಂತ್‌ಗೆ ನಡೆದು ಹೋಗುವ ದಾರಿ

ಜನವರಿ 9

ನಿವೃತ್ತಿ ಎಂಬ ಪದದೊಳಗೇ ಒಂದು ವೃತ್ತಿ ಅಡಗಿದೆ ಎಂದು, ಶಾಲೆಯ ಫ್ರೆಂಚ್ ಮೇಷ್ಟರ ಕೆಲಸ ಮುಗಿದ ಈ ಮೂರು ವರ್ಷದಿಂದ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇವತ್ತು ಅದು ಹೊರಗೆ ಬಂತು. ವಾಚನಾಲಯದ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ, ಆ ಜಾಗದಲ್ಲಿ ಕುರ್ಚಿ ಹಾಕಿ, ಸಂಜೆಯ ಫ್ರೆಂಚ್ ತರಗತಿ ಶುರುಮಾಡಿದೆ.

ಕುರ್ಚಿ ಮೂರು, ವಿದ್ಯಾರ್ಥಿಗಳೂ ಮೂವರು. ಒಬ್ಬ ಮೊಯ್ದು. ಸೇತುವೆ ಪಕ್ಕದ ಬಾರಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ, ತಾನು ಮಾತ್ರ ಒಂದು ಹನಿ ಮುಟ್ಟುವುದಿಲ್ಲ. ವಿಹಾರದ ಹಡಗಿನಲ್ಲಿ ಕೆಲಸ ಹಿಡಿಯಬೇಕೆಂದು ಆಸೆ. ಇನ್ನೊಬ್ಬಳು ರಿನ್ಸಿ, ನರ್ಸಿಂಗ್ ಮುಗಿಸಿ ಯಾವ ದೇಶದವರಿಗೆ ಸೂಜಿ ಚುಚ್ಚುವುದೆಂದು ಇನ್ನೂ ತೀರ್ಮಾನಿಸದ ಹುಡುಗಿ. ಮೂರನೆಯವಳು ನನ್ನ ತಂಗಿ ಪ್ರೇಮಜ. ಈ ತರಗತಿಯ ಮೂಲವೇ ಅವಳು.

ಆದದ್ದು ಇಷ್ಟು. ಡಿಸೆಂಬರಿನಲ್ಲಿ ನನ್ನ ಹಳೇ ಸಹಪಾಠಿ ಅಚ್ಯುತನ ಮಗ ರೆಮಿ ಊರಿಗೆ ಬಂದಿದ್ದ. ಹುಟ್ಟಿ ಬೆಳೆದದ್ದೆಲ್ಲ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ, ನಾಲಿಗೆ ಮಾತ್ರ ಅಪ್ಪನದು. ಮೊಯ್ದುವಿನ ಬಾರಿನಲ್ಲಿ ಪ್ರೇಮಜ ಮಾಡಿಕೊಡುವ ಕಲ್ಲುಮ್ಮಕಾಯ ತಿಂದ. ಚಿಪ್ಪಿಯೊಳಗೆ ಅಕ್ಕಿಹಿಟ್ಟು, ತೆಂಗಿನಕಾಯಿ ತುಂಬಿ, ಬೇಯಿಸಿ ಹುರಿದದ್ದು. ಒಂದು ತಟ್ಟೆ ತಿಂದ, ಇನ್ನೊಂದು ತಿಂದ, ಎದ್ದು ನೇರ ನಮ್ಮ ಜಗಲಿಗೆ ಬಂದ. "ಆಂಟಿ, ನನ್ನ ಹೋಟೆಲಿಗೆ ಬಂದ್ಬಿಡಿ. ಎರಡು ವರ್ಷ" ಅಂದ. ಆದರೆ ಅವನ ಅಡುಗೆಮನೆಯಲ್ಲಿ ಉಳಿದವರಿಗೆ ಫ್ರೆಂಚ್ ಬಿಟ್ಟು ಬೇರೇನೂ ತಿಳಿಯದು. ಮಾರ್ಚಿನಲ್ಲಿ ಮೊದಲ ಹಂತದ ಫ್ರೆಂಚ್ ಪರೀಕ್ಷೆ ಪಾಸಾದರೆ ಪ್ರೇಮಜ ಹೋಗುತ್ತಾಳೆ. ಇಲ್ಲದಿದ್ದರೆ ರೆಮಿ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾನೆ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಫ್ರೆಂಚ್! ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದವಳು, ಮದುವೆಯಾಗದ ಈ ಅಣ್ಣನಿಗೆ ಅಡುಗೆಮನೆಯ ದಾರಿಯೇ ಮರೆತುಹೋಗುವಂತೆ ಮಾಡಿದವಳು. ಹೋಗುತ್ತಾಳಂತೆ. ಹೋಗಲಿ, ನನಗೇನು? ಮೊದಲು ನಮಸ್ಕಾರಕ್ಕೆ ಬೊಂಜೂರ್ ಅನ್ನುವುದನ್ನು ಕಲಿಯಲಿ. ಅವಳ ಬಾಯಲ್ಲಿ ಈಗ ಅದು ಬಾಂಬೆಗೆ ಹೊರಟ ಬಸ್ಸಿನ ಹಾಗೆ ಕೇಳುತ್ತದೆ.

ನಮ್ಮಲ್ಲಿ ಮೇಷ್ಟರಿಗೆ ಮಾಷ್, ಅಕ್ಕನಿಗೆ ಚೇಚಿ, ಅಣ್ಣನಿಗೆ ಏಟ್ಟ ಅನ್ನುತ್ತಾರೆ. ಪ್ರೇಮಜ ಕರೆಯುವ ಧಾಟಿಯಲ್ಲಿ ಅದು ಏಟೇ. ತರಗತಿ ಶುರುವಾಗುವ ಮುಂಚೆಯೇ ಒಂದು ಕೊಟ್ಟಳು: "ಏಟ್ಟಾ, ಎಲ್ಲರೆದುರು ಬೈದ್ರೆ ಮನೇಲಿ ಸಾರಿಗೆ ಉಪ್ಪಿರಲ್ಲ. ಈಗಲೇ ಹೇಳಿರ್ತೀನಿ."

ಜನವರಿ 16

ಪರೀಕ್ಷೆಯಲ್ಲಿ ಮಾತಿಗೆಂದು ಒಂದು ಪುಟ್ಟ ನಾಟಕವಿದೆ. ಪರೀಕ್ಷಕರು ಅಪರಿಚಿತರಂತೆ ಬಂದು ದಾರಿ ಕೇಳುತ್ತಾರೆ, ನಾವು ನಕ್ಷೆ ನೋಡಿ ಫ್ರೆಂಚಿನಲ್ಲಿ ದಾರಿ ಹೇಳಬೇಕು. ಇದಕ್ಕೆಂದೇ ನನ್ನಲ್ಲೊಂದು ಹಳೇ ಪಟವಿದೆ, ನಾನೇ ಬರೆದದ್ದು: ಇಗರ್ಜಿ, ಅಂಚೆ ಕಚೇರಿ, ಬ್ರೆಡ್ಡಿನ ಅಂಗಡಿ. ಶಾಲೆಯಲ್ಲಿದ್ದಷ್ಟು ಕಾಲ ಆ ಊರಿನ ತುಂಬ ಮಕ್ಕಳನ್ನು ತಿರುಗಿಸಿದ್ದೇನೆ. ಇವತ್ತು ಬಿಡಿಸಿದರೆ ನಡುವೆ ಒಂದು ತೂತು.

"ಮಾಷೇ, ಅಂಚೆ ಕಚೇರೀನ ಜಿರಳೆ ತಿಂದಿದೆ" ಎಂದಳು ರಿನ್ಸಿ.

"ಸ್ಟಾಂಪಿನ ಅಂಟು ರುಚಿಯಾಗಿರುತ್ತೆ ಬಿಡು" ಎಂದ ಮೊಯ್ದು.

ರಿನ್ಸಿ ತನ್ನ ಲ್ಯಾಪ್‌ಟಾಪ್ ತೆಗೆದು ಆನ್‌ಲೈನ್ ನಕ್ಷೆ ತೋರಿಸಿದಳು. ಅದರ ಮೂಲೆಯಲ್ಲಿ ಒಂದು ಹಳದಿ ಗೊಂಬೆ ಇರುತ್ತದೆ. ಎತ್ತಿ ಯಾವ ಬೀದಿಯ ಮೇಲೆ ಬಿಟ್ಟರೂ ಸರಿ, ಆ ಬೀದಿಯ ನಿಜವಾದ ಫೋಟೋದೊಳಗೆ ನಾವೇ ಹೋಗಿ ನಿಂತ ಹಾಗೆ. ನೆಲದ ಮೇಲಿನ ಬಾಣ ಒತ್ತಿದರೆ ಮುಂದಕ್ಕೆ ನಡೆಯಬಹುದು. ನಾನು ಗಂಭೀರವಾಗಿ, "ಗೊತ್ತು, ಕೇಳಿದ್ದೆ" ಎಂದೆ. ಕೇಳಿರಲಿಲ್ಲ.

ಮೊದಲು ನಮ್ಮ ಮಾಹೆಯನ್ನೇ ತೆರೆದೆವು. ಹೆಸರು ಮಾಹೆ, ಆದರೆ ಇಡೀ ಊರು ನೋಡಿ ಮುಗಿಸಲು ಮಾಹೆಯೇನು, ಒಂದು ಮಧ್ಯಾಹ್ನ ಸಾಕು. ಒಂದು ಕಾಲಕ್ಕೆ ಫ್ರೆಂಚರು ಆಳಿದ ಊರು, ಈಗಲೂ ಕೇರಳಕ್ಕೆ ಸೇರಿಲ್ಲ; ಇಲ್ಲಿ ತೆರಿಗೆ ಕಡಿಮೆ, ಹಾಗಾಗಿ ಬಾರಿನ ಪಕ್ಕ ಬಾರು, ಬಾರಿನೆದುರು ಬಾರು; ಇಡೀ ಊರೇ ಪಕ್ಕದ ಕೇರಳವನ್ನು 'ಬಾರೋ ಬಾರೋ' ಎಂದು ಕೈಬೀಸಿ ಕರೆಯುವಂತಿದೆ. ಮೊಯ್ದು ಆಸ್ಪತ್ರೆಗೆ ದಾರಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಮೊದಲನೇ ಬಾರು ಬಿಡಿ, ಎರಡನೇ ಬಾರಲ್ಲಿ ಎಡಕ್ಕೆ, ಮುಂದಿನ ಬಾರು ದಾಟಿದ್ಮೇಲೆ ಬಲಕ್ಕೆ, ಆಮೇಲೆ ಸಿಗೋ ಬಾರಲ್ಲಿ ಕೇಳಿ."

"ಕೇಳೋಷ್ಟು ಪ್ರಜ್ಞೆ ಉಳಿದಿರುತ್ತಾ ಮೊಯ್ದುಕ್ಕಾ?" ಎಂದಳು ರಿನ್ಸಿ.

"ಉಳೀದಿದ್ರೇನಂತೆ? ಹೋಗ್ತಿರೋದು ಆಸ್ಪತ್ರೆಗೇ ಅಲ್ವಾ?"

ಎಡಕ್ಕೆ 'ಆ ಗೋಶ್', ಬಲಕ್ಕೆ 'ಆ ದ್ರುವಾತ್', ನೇರಕ್ಕೆ 'ತು ದ್ರುವಾ'. ಮೂವರೂ ಎಡದಲ್ಲಿ ಎಡವಿದರು, ಬಲವನ್ನು ಬಲವಂತವಾಗಿ ಹೇಳಿದರು. ದಾರಿ ಪಾಠದ ಮೊದಲ ದಿನಕ್ಕೆ ಅಡ್ಡಿಯಿಲ್ಲ.

ಜನವರಿ 20

ಇವತ್ತು ಪ್ರೇಮಜಳ ಸರದಿ. ಮೊಯ್ದು ಅಪರಿಚಿತನ ವೇಷ ಹಾಕಿ, ಮೊಣಕಾಲಿಗೆ ಎತ್ತಿ ಕಟ್ಟಿದ್ದ ಮುಂಡು ಇಳಿಬಿಟ್ಟು, ಔಷಧಿ ಅಂಗಡಿ ಎಲ್ಲಿ ಎಂದು ಫ್ರೆಂಚಿನಲ್ಲಿ ವಿನಯವಾಗಿಯೇ ಕೇಳಿದ. ಪ್ರೇಮಜ ನಕ್ಷೆಯ ಕಡೆ ನೋಡಲೇ ಇಲ್ಲ. ಅವನ ಮುಖ ನೋಡಿ, ಹೋದವಾರ ಕಲಿಸಿದ ಪದಗಳನ್ನೆಲ್ಲ ಕೂಡಿಸಿ, ಫ್ರೆಂಚಿನಲ್ಲೇ ಕೇಳಿದಳು: "ನೀವು ಯಾವ ಮನೆಯವರು?"

ನಾನು ಮೇಜು ಕುಟ್ಟಿದೆ. "ಮನೆ ಯಾಕೆ? ದಾರಿ ಹೇಳು!"

"ಯಾರು ಅಂತ ತಿಳೀದೆ ಔಷಧಿ ಅಂಗಡಿಗೆ ಹ್ಯಾಗೆ ಕಳಿಸ್ಲಿ ಏಟ್ಟಾ? ಯಾರಿಗೆ ಹುಷಾರಿಲ್ಲ ಅಂತಾನೂ ಕೇಳಬಾರ್ದಾ?"

"ಫ್ರೆಂಚರು ಕೇಳಲ್ಲ."

"ಅದಕ್ಕೇ ಅವರು ಇಲ್ಲಿ ನಿಲ್ಲಲಿಲ್ಲ."

ಮೊಯ್ದು ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಪ್ರೇಮಜ ಎದ್ದು ಅವನ ತೋಳು ಹಿಡಿದು, "ಬನ್ನಿ, ನಾನೇ ಬಿಟ್ಟು ಬರ್ತೀನಿ" ಎಂದು ಬಾಗಿಲಿನ ತನಕ ಎಳೆದುಕೊಂಡು ಹೋಗಿದ್ದಳು.

ಅವಳನ್ನು ಅಂದು ಪ್ರಯೋಜನವಿಲ್ಲ. ಈ ಊರಿನಲ್ಲಿ ಯಾರೂ ದಾರಿ ಹೇಳುವುದಿಲ್ಲ. ಮೊದಲು ಮನೆ ಯಾವುದೆಂದು ವಿಚಾರಿಸುತ್ತಾರೆ, ಆಮೇಲೆ ಜೊತೆಗೆ ಹೊರಟುಬಿಡುತ್ತಾರೆ. ಮೀನು ಕೊಳ್ಳಲು ಹೊರಟವರು ಪೇಟೆ ಮರೆತು ಅಪರಿಚಿತರನ್ನು ಸ್ಟೇಷನ್ನಿಗೆ ಮುಟ್ಟಿಸಿ ಬರುತ್ತಾರೆ. ಕೈಗೆ ಕೈ ಕೊಟ್ಟು ಕರೆದೊಯ್ಯುವ ಜನಕ್ಕೆ ಎಡಗೈ ಬಲಗೈ ಎಂದು ಕಲಿಸುವುದು ಹೇಗೆ?

ಹೀಗಾದರೆ ಪಾಸಾಗುವ ಮಾತೇ ಇಲ್ಲ. ಪಾಪ. ಇವತ್ತು ಯಾಕೋ ಊಟ ಬಹಳ ರುಚಿಸಿತು. ಎರಡು ಸಲ ಬಡಿಸಿಕೊಂಡೆ.

ಜನವರಿ 28

ಮಾಹೆ ಸಾಕು, ಇನ್ನು ಫ್ರಾನ್ಸಿನ ನಕ್ಷೆಯಲ್ಲೇ ಅಭ್ಯಾಸ ಎಂದೆ. ರಿನ್ಸಿಗೆ ಒಂದು ಹಳ್ಳಿ ಕೊಟ್ಟೆ: ಒಂದು ಬೀದಿ, ಒಂದು ಇಗರ್ಜಿ, ಒಂದು ಹಸು. ಮೊಯ್ದುವಿಗೆ ಕಡಲತೀರದ ಊರು: ಎಲ್ಲಿ ತಿರುಗಿದರೂ ಕಡಲೇ ಸಿಗುತ್ತದೆ. ಪ್ರೇಮಜಳಿಗೆ ಪ್ಯಾರಿಸ್ಸಿನಲ್ಲಿ ಹನ್ನೆರಡು ರಸ್ತೆ ಒಟ್ಟಿಗೆ ಸೇರುವ ಆ ದೊಡ್ಡ ವೃತ್ತ.

ಅವಳು ಸುತ್ತಿದಳು. ಮತ್ತೆ ಸುತ್ತಿದಳು. ಮೂರನೇ ಸುತ್ತಿಗೆ ಮೊಯ್ದು ಬಾಯಿಬಿಟ್ಟ. "ಮಾಷೇ, ನಮಗೆ ಸಂತೆ ದಾರಿ, ಚೇಚಿಗೆ ಮಾತ್ರ ಚಕ್ರವ್ಯೂಹ. ಇದು ಯಾವ ನ್ಯಾಯ?"

ಕಷ್ಟದ್ದು ಕಲಿತರೆ ಸುಲಭದ್ದು ತಾನಾಗಿ ಬರುತ್ತದೆ ಎಂದು ವಿವರಿಸಿದೆ. ಅದು ಬೋಧನೆಯ ತತ್ವ. ಕೌಂಟರಿನವನಿಗೆ ಹೇಗೆ ತಿಳಿಯಬೇಕು?

ಮನೆಗೆ ನಡೆದು ಬರುವಾಗ ಪ್ರೇಮಜ ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಗೇಟು ತೆಗೆಯುತ್ತ ಕೇಳಿದಳು. "ಏಟ್ಟಾ, ನಾನು ಫೇಲಾಗ್ಲಿ ಅಂತ ಇದೆಯಾ ನಿಮಗೆ?"

"ಛೆ! ಕಷ್ಟದ್ದು ಮೊದಲು ಬರಲಿ ಅಂತ..."

"ಕಷ್ಟದ್ದು ನಂಗೆ ಬರುತ್ತೆ. ಸುಲಭದ್ದು ಕಲಿಸಿ."

ಸಾರಿಗೆ ಉಪ್ಪಿರಲಿಲ್ಲ.

ಫೆಬ್ರವರಿ 5

ಮೊಯ್ದು ನನ್ನ ಫೋನಿಗೂ ನಕ್ಷೆ ಹಾಕಿಕೊಟ್ಟಿದ್ದಾನೆ. ಇವತ್ತು ಮಧ್ಯಾಹ್ನ ನಾಂತ್‌ಗೆ ಹೋಗಿದ್ದೆ.

ಉದ್ದೇಶ ಸ್ಪಷ್ಟವಾಗಿತ್ತು. ಆ ಊರಿನ ಕುಂದುಕೊರತೆಗಳನ್ನೆಲ್ಲ ಪತ್ತೆಹಚ್ಚಿ ತಂಗಿಯ ಮುಂದಿಡುವುದು, ಅಣ್ಣನಾದವನ ಕರ್ತವ್ಯ. ರೆಮಿ ಅವಳಿಗಾಗಿ ಗೊತ್ತುಮಾಡಿದ ಕೋಣೆ ಇರುವ ಬೀದಿಯ ಹೆಸರು ನಮ್ಮ ಮಾತಿನಲ್ಲಿ ಹೇಳಿದರೆ ಟೋಪಿಯವರ ಬೀದಿ. ವಿಳಾಸದಲ್ಲೇ ಟೋಪಿ ಹಾಕುವವರು! ಹೋಟೆಲಿಗೆ ನಡೆದು ಹೋಗಬೇಕು, ದಾರಿ ಏರು. ಕಲ್ಲು ಹಾಸಿದ ನೆಲ, ಚಪ್ಪಲಿ ಜಾರುತ್ತದೆ. ಜನರ ಮುಖಗಳನ್ನೆಲ್ಲ ನಕ್ಷೆಯವರು ಮಸುಕು ಮಾಡಿದ್ದಾರೆ. ಮುಖವಿಲ್ಲದ ಊರು, ಯಾವ ಮನೆಯವರೆಂದು ಇವಳು ಯಾರನ್ನು ಕೇಳುತ್ತಾಳೆ?

ಹೀಗೆ ತಪ್ಪು ಹುಡುಕುತ್ತ ಒಂದು ದೊಡ್ಡ ಮಾರುಕಟ್ಟೆಯ ಮುಂದೆ ಬಂದುಬಿಟ್ಟೆ. ಯಾರೋ ಒಳಗಿನ ಫೋಟೋ ಹಾಕಿದ್ದಾರೆ. ಮೀನಿನ ಅಂಗಡಿಗಳು, ಮಂಜುಗಡ್ಡೆಯ ಮೇಲೆ ರಾಶಿ ರಾಶಿ ಕರೀ ಚಿಪ್ಪಿ. ನಮ್ಮ ಕಲ್ಲುಮ್ಮಕಾಯದ ತಮ್ಮಂದಿರು, ಸ್ವಲ್ಪ ಬಡಕಲು.

ಇದನ್ನು ಅವಳಿಗೆ ಹೇಳಬೇಕಾದ ಅಗತ್ಯವೇನೂ ಇಲ್ಲ.

ಹೇಳಿದೆ. "ಗಾತ್ರ ಎಷ್ಟು?" ಎಂದು ಕೇಳಿ ಮತ್ತೆ ನೋಡಿ ಬರಲು ಕಳಿಸಿದಳು. ಇನ್ನೊಂದು ಸಲ ಹೋಗಿ ಬಂದೆ.

ಫೆಬ್ರವರಿ 13

ಪ್ರೇಮಜ ಹಿತ್ತಲಲ್ಲಿ ಕೂತು ಚಿಪ್ಪಿ ಉಜ್ಜುತ್ತಿದ್ದಳು, ಮೊಣಕೈವರೆಗೂ ಕೆಸರು. ಅರೆಯಲು ಸೋಂಪು ಬೇಕು, ಸ್ವಲ್ಪ ತೆಗೆದುಕೊಡಿ ಎಂದಳು. ನಾನು ಒಳಗೆ ಹೋಗಿ ನಿಂತೆ. ಪ್ಯಾರಿಸ್ಸಿನ ವೃತ್ತ ವಾಸಿ. ಡಬ್ಬಿಗಳು ಒಂದರ ಹಿಂದೆ ಒಂದು, ಒಂದಕ್ಕೂ ಹೆಸರಿಲ್ಲ.

"ಎಲ್ಲಿದೆಯೇ?"

ಹಿತ್ತಲಿಂದ ಉತ್ತರ ಫ್ರೆಂಚಿನಲ್ಲಿ ಬಂತು. ಬಾಗಿಲಿಂದ ನೇರ ಹೋಗಿ. ಕಿಟಕಿ ಹತ್ತಿರ ಆ ಗೋಶ್. ಎರಡನೇ ಹಲಗೆ. ಅಕ್ಕಿಯ ಎದುರಿಗೆ, ಬೆಲ್ಲದ ಪಕ್ಕದಲ್ಲಿ.

"ಇದು ಜೀರಿಗೆ!"

"ತುಂಬ ಮುಂದೆ ಹೋಗಿದ್ದೀರಿ, ಮಸ್ಯೂ. ವಾಪಸ್ ಬನ್ನಿ." ಇದೂ ಫ್ರೆಂಚಿನಲ್ಲೇ. ಮಸ್ಯೂ ಅಂತೆ, ಯಾರೋ ಅಪರಿಚಿತ ಮಹಾಶಯನನ್ನು ಕರೆದ ಹಾಗೆ! "ಈಗ ಬಲಕ್ಕೆ. ನೀಲಿ ಮುಚ್ಚಳ. ಅದೇ."

ಅದೇ ಆಗಿತ್ತು. ಆಮೇಲೆ ಅರಿಶಿನ ಕೇಳಿದಳು, ಆಮೇಲೆ ಬಾಣಲೆ, ಆಮೇಲೆ ಬೇಕೆಂತಲೇ ಮೇಲಿನ ಅಟ್ಟದ ಒರಳು. ಇಡೀ ಅಡುಗೆಮನೆಯನ್ನು ಹಿತ್ತಲಲ್ಲಿ ಕೂತೇ ನನಗೆ ಸುತ್ತಿಸಿದಳು. ಎಡ, ಬಲ, ಎದುರು, ಹಿಂದೆ, ನಡುವೆ. ಪುಸ್ತಕದ ಒಂದು ಅಧ್ಯಾಯ ಪೂರ್ತಿ. ಪಕ್ಕದ ಮನೆಯವರು ಏನಾಯಿತೆಂದು ಬೇಲಿಯಿಂದ ಇಣುಕಿದರು.

ಒಂದು ತಪ್ಪೂ ಇರಲಿಲ್ಲ. ಒಂದೂ.

ಫೆಬ್ರವರಿ 14

ತಲೆನೋವು. ತರಗತಿ ಇಲ್ಲ.

ಮಾರ್ಚ್ 2

ಮಾದರಿ ಪರೀಕ್ಷೆ. ಮೊಯ್ದು ಎಲ್ಲಿಂದಲೋ ಟೈ ತಂದು ಮುಂಡಿನ ಮೇಲೆ ಕಟ್ಟಿಕೊಂಡು ಪರೀಕ್ಷಕನಾಗಿದ್ದ. ರಿನ್ಸಿ ತನ್ನ ಸರದಿಯನ್ನು ಇಂಜೆಕ್ಷನ್ ಕೊಟ್ಟಷ್ಟು ಚುರುಕಾಗಿ ಮುಗಿಸಿದಳು. ಪ್ರೇಮಜ ಎಡಬಲ ಎಲ್ಲ ಸರಿಯಾಗಿ ಹೇಳಿದಳು, ಆದರೆ ಕೊನೆಯಲ್ಲಿ ಮತ್ತೆ ಎದ್ದುಬಿಟ್ಟಳು.

"ಕೂತ್ಕೋ!"

"ಅವರಿಗೆ ಅರ್ಥವಾದ ಹಾಗಿಲ್ಲ ಏಟ್ಟಾ."

"ಅರ್ಥವಾಗ್ಲಿ ಬಿಡ್ಲಿ, ನೀನು ಕುರ್ಚಿ ಬಿಡಬಾರದು. ಎದ್ದರೆ ಅಂಕ ಕೂತ್ಕೊಳುತ್ತೆ!"

ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುವಂತೆ ಮಾಡಿದೆ. ಆಗ ತಲೆಯಿಂದ ದಾರಿ ತೋರಿಸತೊಡಗಿದಳು. ತಲೆಯನ್ನೂ ಅಲ್ಲಾಡಿಸಕೂಡದು ಎಂದೆ. ಹುಬ್ಬಿನಿಂದ ಶುರುಮಾಡಿದಳು. ವಾಚನಾಲಯದವರು ದೀಪ ಆರಿಸಲು ಬಂದಾಗಲೂ ನಾವು ಹುಬ್ಬಿನ ಹತ್ತಿರವೇ ಇದ್ದೆವು.

"ಮಾಷೇ, ಇಷ್ಟು ದಿನ ಚೇಚಿ ಫೇಲಾಗ್ಲಿ ಅಂತ ಒದ್ದಾಡ್ತಿದ್ದೋರು ಇವತ್ತು ಏನಾಯ್ತು?" ಎಂದ ಮೊಯ್ದು, ಟೈ ಬಿಚ್ಚುತ್ತ.

ಏನೂ ಆಗಿಲ್ಲ. ನನ್ನ ವಿದ್ಯಾರ್ಥಿನಿ ಹುಬ್ಬಿನಿಂದಾಗಿ ಫೇಲಾದರೆ ಮರ್ಯಾದೆ ಹೋಗುವುದು ನನ್ನದು. ಅಷ್ಟೇ.

ಮಾರ್ಚ್ 17

ಕೋಳಿಕ್ಕೋಡಿನಲ್ಲಿ ಪರೀಕ್ಷೆ. ಬೆಳಗಿನ ರೈಲಿಗೆ ನಾಲ್ವರೂ ಹೋದೆವು. ದಾರಿಯುದ್ದಕ್ಕೂ ಮೊಯ್ದು ಕಿಟಕಿಯಾಚೆ ಕಂಡದ್ದಕ್ಕೆಲ್ಲ ಫ್ರೆಂಚಿನಲ್ಲಿ ದಾರಿ ಹೇಳಿದ, ಎಮ್ಮೆಗಳಿಗೂ. ಪ್ರೇಮಜ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತುಟಿ ಮಾತ್ರ ಆಡುತ್ತಿತ್ತು. ದೇವರ ನಾಮವೆಂದು ಎದುರಿನ ಸೀಟಿನ ಅಜ್ಜಿ ಕೈಮುಗಿದರು.

ಮೂವರೂ ಒಳಗೆ ಹೋದರು. ನಾನು ಹೊರಗೆ. ಈ ಕೆಲಸ ನನಗೆ ಹೊಸದು. ಶಾಲೆಯಲ್ಲಿದ್ದಾಗ ಪರೀಕ್ಷೆಯ ದಿನ ನಾನೇ ಒಳಗಿರುತ್ತಿದ್ದೆ, ತಾಯಂದಿರು ಹೊರಗೆ. ಅವರು ಮರದ ಬೇರಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತ ಏನು ಮಾಡುತ್ತಾರೆಂದು ಆಗ ಅನಿಸುತ್ತಿತ್ತು. ಏನೂ ಮಾಡುವುದಿಲ್ಲ. ಬಾಗಿಲನ್ನೇ ನೋಡುತ್ತಾರೆ.

ಮೊದಲು ಬಂದವಳು ರಿನ್ಸಿ, ನಗುತ್ತ. ಆಮೇಲೆ ಮೊಯ್ದು, ಬೆವರುತ್ತ. ಪ್ರೇಮಜ ಬರಲು ತಡವಾಯಿತು.

"ಹ್ಯಾಗಾಯ್ತು?"

"ಒಬ್ಬರು ಯುವಕರು, ಪಾಪ, ಬೆಳಗ್ಗಿಂದ ಕೂತು ಸುಸ್ತಾಗಿದ್ರು. ಗ್ರಂಥಾಲಯಕ್ಕೆ ದಾರಿ ಕೇಳಿದ್ರು. ಆ ಗೋಶ್, ಆ ದ್ರುವಾತ್, ಸೇತುವೆ, ಎಲ್ಲ ಹೇಳ್ದೆ."

"ಕೈ?"

"ತೊಡೆ ಕೆಳಗೆ."

"ಹುಬ್ಬು?"

"ಅಲ್ಲಾಡ್ಲಿಲ್ಲ. ಆದ್ರೆ ಅವರು, ಅರ್ಥವಾಗ್ಲಿಲ್ಲ, ಇನ್ನೊಂದು ಸಲ ಹೇಳಿ ಅಂದ್ರು. ಹೇಳ್ದೆ. ಆಗ್ಲೂ ಅರ್ಥವಾಗ್ಲಿಲ್ಲ ಅಂದ್ರು ಏಟ್ಟಾ."

"ಅದು ನಾಟಕ ಕಣೇ! ಬೇಕಂತಲೇ ಹಾಗೆ ಕೇಳ್ತಾರೆ!"

"ನಾಟಕ ಅಂತ ನಂಗೂ ಗೊತ್ತು. ಆದ್ರೂ ಒಬ್ಬರು ಎದುರಿಗೆ ಕೂತು ದಾರಿ ಗೊತ್ತಾಗ್ಲಿಲ್ಲ ಅಂದ್ರೆ..." ಸೆರಗಿನಿಂದ ಮುಖ ಒರೆಸಿಕೊಂಡಳು. "ಎದ್ದೆ. ಬನ್ನಿ ಅಂದೆ. ಅವರೂ ಎದ್ದು ಬಂದ್ರು. ವರಾಂಡದ ಕೊನೇಗೆ ಕರ್ಕೊಂಡು ಹೋದೆ. ದಾರೀಲಿ ಫ್ರೆಂಚಲ್ಲೇ ಮನೆ ಯಾವೂರಲ್ಲಿ ಅಂತ ಕೇಳ್ದೆ, ಅಮ್ಮನ ಆರೋಗ್ಯ ಕೇಳ್ದೆ. ಕೊನೇಲಿ ಒಂದು ಬಾಗಿಲು ಸಿಕ್ತು. ವ್ವಾಲಾ, ಇದೇ ನೋಡಿ, ಅಂದೆ."

"ಯಾವ ಬಾಗಿಲು?"

"ಸ್ಟೋರ್ ರೂಮು."

ರಿನ್ಸಿ ಮುಖ ಮುಚ್ಚಿಕೊಂಡಳು. ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದು ಆ ಪರೀಕ್ಷಕನ ಮೇಲೆ. ಒಂದು ಸಲ ಹೇಳಿದರೆ ಸಾಲದೇ ಆ ಮಹಾಶಯನಿಗೆ? ಕಿವಿ ಇರಲಿಲ್ಲವೇ?

ಮಾರ್ಚ್ 30

ಮೂವರೂ ಪಾಸು. ಪ್ರೇಮಜಳಿಗೆ ಮಾತಿನ ಭಾಗದಲ್ಲೇ ಹೆಚ್ಚು ಅಂಕ.

ಮೊಯ್ದು ಬಿರಿಯಾನಿ ತಂದಿದ್ದ. ಎಲ್ಲರೂ ಚೆನ್ನಾಗಿದೆ ಎಂದರು.

ಏಪ್ರಿಲ್ 11

ವೀಸಾ ಬಂತು. ಟಿಕೆಟ್ಟಿನ ದಿನ ಗೊತ್ತಾಯಿತು.

ನಾಂತ್‌ಗೆ ಈಗ ದಿನಾ ಹೋಗುತ್ತೇನೆ. ಬೆಳಗಿನ ಚಹಾ ಆದಮೇಲೆ ಹಳದಿ ಗೊಂಬೆಯನ್ನು ಟೋಪಿಯವರ ಬೀದಿಯಲ್ಲಿ ಇಳಿಸಿ ಹೋಟೆಲಿನವರೆಗೆ ನಡೆಯುತ್ತೇನೆ. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು. ಏರು ಎಂದು ಬರೆದಿದ್ದೆನಲ್ಲ, ಅಷ್ಟೇನಿಲ್ಲ. ನಡುವೆ ಕೂರಲು ಒಂದು ಬೆಂಚಿದೆ. ಮಳೆ ಬಂದರೆ ನಿಲ್ಲಲು ಎರಡು ಕಡೆ ಚಾವಣಿಯಿದೆ. ಮೊದಲ ತಿರುವಿನ ಮನೆಗೆ ದೊಡ್ಡ ನಾಯಿಯೊಂದಿದೆ. ಪ್ರೇಮಜಳಿಗೆ ನಾಯಿಯೆಂದರೆ ಆಗದು, ಎದುರು ಬದಿಯಲ್ಲಿ ನಡೆ ಎಂದು ಹೇಳಿದೆ. ನಾಯಿಯ ಮುಖವನ್ನು ನಕ್ಷೆಯವರು ಮಸುಕು ಮಾಡಿಲ್ಲ. ಒಳ್ಳೆಯ ಜಾತಿಯದೇ ಇರಬೇಕು.

"ನೀವು ಫ್ರಾನ್ಸ್ ನೋಡಿಲ್ಲ ಅಂತ ಯಾರು ಹೇಳ್ತಾರೆ ಮಾಷೇ?" ಎಂದ ಮೊಯ್ದು. "ಚಪ್ಪಲಿ ಸವೀದೇ ಇರೋದೊಂದೇ ವ್ಯತ್ಯಾಸ."

ಹೌದು, ಮೂವತ್ತು ವರ್ಷ ಫ್ರೆಂಚ್ ಕಲಿಸಿಯೂ ಆ ದೇಶದಲ್ಲಿ ಕಾಲಿಟ್ಟವನಲ್ಲ. ಕಾಲಿಡದೆಯೇ ಈಗ ಓಡಾಡುತ್ತಿದ್ದೇನೆ. ಇದನ್ನೇ ಕಾಲಕ್ಷೇಪ ಅನ್ನುವುದೇನೋ.

ಏಪ್ರಿಲ್ 19

ಪ್ರೇಮಜ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ್ದಾಳೆ. ಅನ್ನ, ಒಂದು ಸಾರು, ಮೀನು ಹುರಿಯುವುದು. ಅಷ್ಟು ಬಂದರೆ ಪಾಸು ಅಂತೆ.

"ಹುಳಿ ಎಷ್ಟು ಹಾಕ್ಬೇಕು?"

"ಸಾಕು ಅನಿಸೋಷ್ಟು."

"ಇದೆಂಥಾ ಪಾಠ? ಅಳತೆ ಹೇಳು."

"ನಾನು ಹುಬ್ಬು ಅಲ್ಲಾಡಿಸ್ತೀನಿ, ನೋಡ್ತಾ ಹಾಕಿ."

ಹಾಕಿದೆ. ಹುಬ್ಬು ಏರಿತು. ನಿಲ್ಲಿಸಿದೆ. ಮೀನು ಬಾಣಲೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ, ಊರು ಬಿಡಲು ಮನಸ್ಸಿಲ್ಲದವರ ಹಾಗೆ. ಪ್ರೇಮಜ ಸೌಟು ಕಸಿದುಕೊಳ್ಳಲಿಲ್ಲ. ತಾಳ್ಮೆಯಿಂದ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಏಪ್ರಿಲ್ 27

ಕಣ್ಣೂರಿನಿಂದ ವಿಮಾನ. ಕೈ ಬೀಸಿದಳು.

ಮೊಯ್ದು ಕಾರು ನಿಧಾನವಾಗಿ ಓಡಿಸಿದ. ದಾರಿಯಲ್ಲಿ ಯಾರೂ ಏನೂ ತಮಾಷೆ ಮಾಡಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು.

ಮೇ 3

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ನಾನೇ ಮಾಡಿದ ಅಡುಗೆ. ಅದರ ಬಗ್ಗೆ ಬರೆದರೆ ಮೀನಿಗೆ ಅವಮಾನ. ಫೋನು ಬಂತು. ಅಲ್ಲಿ ಆಗಿನ್ನೂ ಬೆಳಗ್ಗೆ.

"ಏಟ್ಟಾ, ಇವತ್ತಿಂದ ಕೆಲಸ. ರೆಮಿ ಆಗ್ಲೇ ಮೀನು ತರೋಕೆ ಹೋದ. ಒಬ್ಬರೇ ನಡ್ಕೊಂಡು ಬರ್ತೀರಾ ಆಂಟಿ ಅಂತ ಕೇಳ್ದ, ಹೂಂ ಅಂದುಬಿಟ್ಟೆ."

"ಇರು, ಇರು. ಮನೆ ಬಿಟ್ಟಿದ್ದೀಯಾ?" ಕೈ ತೊಳೆದೆನೋ ಇಲ್ಲವೋ, ಓಡಿದೆ. ರಿನ್ಸಿ ಕೊನೆಗೂ ಜರ್ಮನಿ ಎಂದು ತೀರ್ಮಾನಿಸಿ ಹೊಸದು ಕೊಂಡಳು, ಹಳೇ ಲ್ಯಾಪ್‌ಟಾಪ್ ಈಗ ನನ್ನ ಬಳಿ ಇದೆ. ತೆರೆದು, ಗೊಂಬೆಯನ್ನು ಅವಳ ಬಾಗಿಲಲ್ಲಿ ಇಳಿಸಿದೆ. "ಹ್ಞಾಂ. ತು ದ್ರುವಾ ಬಾ. ಮುಂದೆ ಗಡಿಯಾರದ ಅಂಗಡಿ, ಅಲ್ಲಿ ಆ ಗೋಶ್."

"ಗಡಿಯಾರದ ಅಂಗಡಿ ಇಲ್ಲ. ಚಪ್ಪಲಿ ಅಂಗಡಿ ಇದೆ."

"ಇದೆ, ಸರಿಯಾಗಿ ನೋಡು. ಹಸಿರು ಬಾಗಿಲು. ನಾನು ಅದರ ಮುಂದೆಯೇ ನಿಂತಿದ್ದೀನಿ!"

"ನೀವು ಮಾಹೇಲಿ ನಿಂತಿದ್ದೀರಿ ಏಟ್ಟಾ. ಇಲ್ಲಿ ನಿಂತಿರೋಳು ನಾನು."

ಫೋಟೋ ತೆಗೆದಮೇಲೆ ಅಂಗಡಿ ಬದಲಾಗಿರಬೇಕು. ಸರಿ, ಅದೇ ತಿರುವು ಎಂದೆ. ತಿರುಗಿದಳು. ರಸ್ತೆ ಅಗೆದು ಬೇಲಿ ಹಾಕಿದ್ದಾರೆ, ಹೋಗಲಾಗದು ಎಂದಳು. ಬೇರೆ ದಾರಿ ಹೇಳಿದೆ. ಅದರ ಬಾಯಿಯೂ ಬೇಲಿಯೊಳಗೇ. ನನ್ನ ನಕ್ಷೆಯಲ್ಲಿ ಬಿಸಿಲು ಹೊಡೆಯುತ್ತಿತ್ತು, ರಸ್ತೆ ನೀಟಾಗಿ ಮಲಗಿತ್ತು, ಒಂದು ಗುದ್ದಲಿಯೂ ಇರಲಿಲ್ಲ. ಅವಳ ಉಸಿರು ಜೋರಾಗಿ ಕೇಳುತ್ತಿತ್ತು. ಮೊದಲ ದಿನವೇ ತಡವಾದರೆ ಅಲ್ಲಿ ಏನೆನ್ನುತ್ತಾರೋ! ನಾನು ಗೊಂಬೆಯನ್ನು ಎತ್ತಿ ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ, ಎಡ ಅಂದೆ, ಅಲ್ಲ ಬಲ ಅಂದೆ.

"ಒಂದು ನಿಮಿಷ" ಎಂದಳು. ಫೋನು ಕಿವಿಯಿಂದ ದೂರ ಹೋಯಿತು. ಯಾರನ್ನೋ ನಿಲ್ಲಿಸಿದಳು. ಪರ್ದೋಂ ಮದಾಂ, ಎಂದದ್ದು ಕೇಳಿಸಿತು. ಆಮೇಲೆ ಎರಡು ಹೆಣ್ಣು ದನಿಗಳು, ನಡುವೆ ಒಂದು ನಗು. ಯಾವ ಮನೆಯವರೆಂದು ಕೇಳಿಯೇ ಇರುತ್ತಾಳೆ.

"ಏಟ್ಟಾ, ಗೊತ್ತಾಯ್ತು. ಈಗ ನಾನು ಹೇಳ್ತೀನಿ, ನೀವು ಬನ್ನಿ."

ಹೇಳಿದಳು. ಫ್ರೆಂಚಿನಲ್ಲೇ ಹೇಳಿದಳು. ಚಪ್ಪಲಿ ಅಂಗಡಿಗೆ ವಾಪಸ್. ಬಲಕ್ಕೆ. ಎರಡನೇ ಬೀದಿ ಬಿಟ್ಟು ಮೂರನೆಯದು. ಇಗರ್ಜಿಯ ಹಿಂದಿನಿಂದ ಎಡಕ್ಕೆ. ನಾನು ಬಾಣ ಒತ್ತುತ್ತ ಹಿಂದೆಯೇ ಹೋದೆ. ಎಲ್ಲಾದರೂ ಮುಂದೆ ಹೋಗಿಬಿಟ್ಟರೆ ನಾನು ವಾಪಸ್ ಬರುವವರೆಗೆ ನಿಂತು ಕಾದಳು. ಹೀಗೆ ನಾವಿಬ್ಬರೂ ಒಂದು ಕಬ್ಬಿಣದ ಗೇಟಿನ ಮುಂದೆ ಬಂದೆವು. ಒಳಗೆ ಹಸಿರು.

"ಇದು ಪಾರ್ಕು. ಇದರೊಳಗಿಂದ ಹೋದ್ರೆ ಹೋಟೆಲಿನ ಹಿಂಬಾಗಿಲಂತೆ. ಬನ್ನಿ."

ಬಾಣ ಹುಡುಕಿದೆ. ಇರಲಿಲ್ಲ. ಫೋಟೋ ತೆಗೆಯುವ ಕಾರು ಪಾರ್ಕಿನೊಳಗೆ ಹೋಗುವುದಿಲ್ಲ.

"ನನ್ನ ಗೊಂಬೆ ಇಲ್ಲಿಂದ ಮುಂದೆ ಬರಲ್ಲ ಕಣೇ."

"ಹೌದಾ? ಪರವಾಗಿಲ್ಲ. ನೀವು ಅಲ್ಲೇ ನಿಂತಿರಿ. ನಾನು ಹೋಗ್ತಾ ಹೇಳ್ತೀನಿ."

ಹೇಳುತ್ತ ಹೋದಳು. ಕಾಲ ಕೆಳಗೆ ಜಲ್ಲಿಯ ಸದ್ದು. ಮೇಣದಬತ್ತಿ ನಿಲ್ಲಿಸಿದ ಹಾಗೆ ಬಿಳಿ ಹೂ ಬಿಟ್ಟ ಮರ, ಹೆಸರು ಗೊತ್ತಿಲ್ಲ, ಎಂದಳು. ಒಬ್ಬರು ಅಜ್ಜ ಪಾರಿವಾಳಕ್ಕೆ ಏನೋ ಹಾಕ್ತಿದ್ದಾರೆ ಎಂದಳು. ಆ ಅಜ್ಜನಿಗೆ ಬೊಂಜೂರ್ ಹೇಳಿದಳು. ಬೊಂಜೂರ್ ಬೊಂಜೂರಿನ ಹಾಗೆಯೇ ಇತ್ತು. ಒಂದು ಬಾಗಿಲು ತೆರೆಯಿತು. ಪಾತ್ರೆಗಳ ಸದ್ದು, ನೀರಿನ ಸದ್ದು, ಯಾರೋ ಬಹಳ ವೇಗವಾಗಿ ಏನೋ ಕೇಳಿದರು. ಅವಳು ಅಷ್ಟೇ ವೇಗವಾಗಿ ಏನೋ ಅಂದಳು, ಒಳಗೆ ನಾಲ್ಕೈದು ಜನ ಒಟ್ಟಿಗೆ ನಕ್ಕರು.

ಏನು ಅಂದಳೋ, ಮೂವತ್ತು ವರ್ಷ ಫ್ರೆಂಚ್ ಕಲಿಸಿದ ನನಗೆ ತಿಳಿಯಲಿಲ್ಲ.

"ಏಟ್ಟಾ, ಚಿಪ್ಪಿ ಬಂದಿದೆ, ಫೋನ್ ಇಡ್ಲಾ?" ಎಂದಳು. ಉತ್ತರ ಕೊಡುವಷ್ಟರಲ್ಲಿ ಇಟ್ಟಿದ್ದಳು.

ಊಟ ಆರಿಹೋಗಿತ್ತು, ತಿಂದು ಮುಗಿಸಿದೆ. ಗೊಂಬೆಯನ್ನು ಗೇಟಿನ ಮುಂದಿನಿಂದ ತೆಗೆದಿಲ್ಲ. ಸಂಜೆ ಕೆಲಸ ಮುಗಿಸಿ ಅವಳು ಅದೇ ದಾರಿಯಲ್ಲಿ ಹೊರಗೆ ಬರುತ್ತಾಳೆ. ಆಗ ಅಲ್ಲಿ ಯಾರಾದರೂ ಇರಬೇಕಲ್ಲ.